ಬೈಕಿನ ಏರ್ ಫಿಲ್ಟರ್, ಏರ್ ಬಾಕ್ಸ್ ಬದಲಾವಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ಲೆಕ್ಕ ಹಾಕುವಲ್ಲೆಲ್ಲ ರಾಯಲ್ ಎನ್‌ಫೀಲ್ಡ್‌ನ ಕಾರ್ಬ್ಯುರೇಟರ್ ಇರುವ ಕ್ಲಾಸಿಕ್ 350, ಅಂದರೆ 346 ಸಿಸಿಯ ಯುಸಿಇ ಎಂಜಿನ್ (ಗೇರ್‌ಬಾಕ್ಸ್ ಕೂಡ ಅದೇ ಕವಚದೊಳಗಿರುವ ಎಂಜಿನ್) ಅನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇವೆ. ಉಳಿದ ನಾಲ್ಕು ಸ್ಟ್ರೋಕಿನ ಬೈಕುಗಳಿಗೂ ತತ್ವ ಅದೇ. ಫ್ಯುಯೆಲ್ ಇಂಜೆಕ್ಷನ್ ಮತ್ತು ಎರಡು ಸ್ಟ್ರೋಕಿನ ಬೈಕುಗಳಿಗೆ ಬೇರೆ ಪ್ರಶ್ನೆಗಳಿವೆ.

ಫಿಲ್ಟರ್ ಒಂದನ್ನೇ ಬದಲಿಸಿದರೆ ಪವರ್ ಎಷ್ಟು ಹೆಚ್ಚುತ್ತದೆ?

ತೀರಾ ಕಡಿಮೆ. ಈ ಎಂಜಿನ್ 5250 ಆರ್‌ಪಿಎಂನಲ್ಲಿ 19.8 ಬಿಎಚ್‌ಪಿ ಕೊಡುತ್ತದೆ. ಶೇ. 3ರಷ್ಟು ಹೆಚ್ಚಿತೆಂದೇ ಇಟ್ಟುಕೊಳ್ಳಿ, ಸಿಗುವುದು 0.6 ಬಿಎಚ್‌ಪಿ. ಸೀಟಿನ ಮೇಲೆ ಕೂತವರಿಗೆ ಅದು ತಿಳಿಯುವುದಿಲ್ಲ. ತಿಳಿಯುವುದು ಸದ್ದು ಮಾತ್ರ. ಗಾಳಿ ಎಳೆದುಕೊಳ್ಳುವ ಗೊರಗೊರ ಜೋರಾದ ಕೂಡಲೇ ಪಿಕಪ್ ಬಂತು ಎಂದು ಮನಸ್ಸು ನಂಬಿಬಿಡುತ್ತದೆ.

ಹೊಸ ಫಿಲ್ಟರ್ ಹಾಕಿದ ದಿನ ಬೈಕು ನಿಜಕ್ಕೂ ಹಗುರವಾಗಿ ಓಡಿದರೆ, ತೆಗೆದು ಹಾಕಿದ ಹಳೆಯ ಪೇಪರ್ ಫಿಲ್ಟರನ್ನು ಒಮ್ಮೆ ನೋಡಿ. ಹೆಚ್ಚಿನ ಸಲ ಅದು ಧೂಳು ತುಂಬಿ ಕಟ್ಟಿಕೊಂಡಿರುತ್ತದೆ. ಕಂಪನಿಯದೇ ಹೊಸ ಪೇಪರ್ ಫಿಲ್ಟರ್ ಹಾಕಿದ್ದರೂ ಅದೇ ಸುಖ ಸಿಗುತ್ತಿತ್ತು.

ನನ್ನ ಬೈಕಿಗೆ ಗಾಳಿ ನಿಜವಾಗಿ ಸಾಲುತ್ತಿಲ್ಲವೇ ಎಂದು ತಿಳಿಯುವುದು ಹೇಗೆ?

ಊಹಿಸಬೇಡಿ, ಅಳೆಯಿರಿ. ಮೊದಲು ಲೆಕ್ಕ. ನಾಲ್ಕು ಸ್ಟ್ರೋಕಿನ ಎಂಜಿನ್ ಎರಡು ಸುತ್ತಿಗೊಮ್ಮೆ ಗಾಳಿ ಎಳೆಯುತ್ತದೆ. 5250 ಆರ್‌ಪಿಎಂ ಎಂದರೆ ನಿಮಿಷಕ್ಕೆ 2625 ಸಲ. ಪ್ರತಿ ಸಲ 0.346 ಲೀಟರ್ ಪೂರ್ತಿ ತುಂಬಿದರೆ ಸುಮಾರು 908 ಲೀಟರ್, ಸಿಲಿಂಡರ್ ಶೇ. 80ರಷ್ಟು ತುಂಬುತ್ತದೆಂದು ಹಿಡಿದರೆ ಸುಮಾರು 725 ಲೀಟರ್. ಇಷ್ಟು ಗಾಳಿ ಫಿಲ್ಟರ್, ಏರ್ ಬಾಕ್ಸ್ (ಫಿಲ್ಟರ್ ಕೂರುವ ಡಬ್ಬಿ), ಸ್ನಾರ್ಕೆಲ್ (ಆ ಡಬ್ಬಿಗೆ ಗಾಳಿ ತರುವ ಕೊಳವೆ) ದಾಟಿ ಬರುವಾಗ ಎಷ್ಟು ಒತ್ತಡ ಕಳೆದುಕೊಳ್ಳುತ್ತದೆ ಎಂಬುದೇ ಪ್ರಶ್ನೆ.

ಅದನ್ನು ಅಳೆಯಲು ಬೇಕಿರುವುದು ಮೀನಿನ ತೊಟ್ಟಿಗೆ ಹಾಕುವ ಪಾರದರ್ಶಕ ಟ್ಯೂಬು, ಎರಡು ಮೀಟರ್. ಹಲಗೆಯೊಂದರ ಮೇಲೆ ಅದನ್ನು ಯು ಆಕಾರದಲ್ಲಿ ಬಿಗಿದು, ಅರ್ಧಕ್ಕೆ ಬಣ್ಣದ ನೀರು ತುಂಬಿ. ಒಂದು ತುದಿ ಬಯಲಿಗೆ, ಇನ್ನೊಂದು ತುದಿ ಫಿಲ್ಟರ್ ಮತ್ತು ಕಾರ್ಬ್ಯುರೇಟರ್ ನಡುವಿನ ಶುದ್ಧ ಭಾಗಕ್ಕೆ. ಒಂದೇ ಸಿಲಿಂಡರಿನ ಎಂಜಿನ್ ಗಾಳಿಯನ್ನು ಗುಟುಕು ಗುಟುಕಾಗಿ ಎಳೆಯುವುದರಿಂದ ನೀರು ಕುಣಿಯುತ್ತದೆ. ಟ್ಯೂಬಿನೊಳಗೆ ಹಳೆಯ ಜೆಟ್ (ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಬಿಡಿಭಾಗ) ಒಂದನ್ನು ಸಿಕ್ಕಿಸಿದರೆ ಕುಣಿತ ಅಡಗುತ್ತದೆ. ಟ್ಯೂಬಿನ ಎರಡು ಕಾಲುಗಳೂ ಕನಿಷ್ಠ 50 ಸೆಂ.ಮೀ. ಎತ್ತರ ಇರಲಿ, ಇಲ್ಲವಾದರೆ ನೀರು ಎಂಜಿನ್‌ಗೆ ಹೋಗುತ್ತದೆ.

ಡೈನೋ (ಬೈಕನ್ನು ನಿಂತಲ್ಲೇ ಓಡಿಸಿ ಪವರ್ ಅಳೆಯುವ ಯಂತ್ರ) ಮೇಲೆ ಪೂರ್ತಿ ಥ್ರಾಟಲ್ ಕೊಟ್ಟು, ಗರಿಷ್ಠ ಪವರಿನ ಆರ್‌ಪಿಎಂನಲ್ಲಿ ಎರಡು ಕಾಲುಗಳ ನೀರಿನ ಮಟ್ಟದ ವ್ಯತ್ಯಾಸ ನೋಡಿ. 10 ಸೆಂ.ಮೀ. ನೀರು ಸುಮಾರು 1 ಕಿಲೋಪ್ಯಾಸ್ಕಲ್‌ಗೆ ಸಮ. ವಾತಾವರಣದ ಒತ್ತಡದ ಹೆಚ್ಚುಕಡಿಮೆ ಶೇ. 1. ಒಟ್ಟು ವ್ಯತ್ಯಾಸ 3-4 ಸೆಂ.ಮೀ. ಇದ್ದರೆ ಇಂಟೇಕ್ ಕಡೆ ಗಳಿಸಲು ಏನೂ ಉಳಿದಿಲ್ಲ, ಆ ಹಣವನ್ನು ಒಳ್ಳೆಯ ಟೈರಿಗೆ ಹಾಕಿ. 25-30 ಸೆಂ.ಮೀ. ಬಂದರೆ ಸ್ನಾರ್ಕೆಲ್ ತೆಗೆದು ಒಮ್ಮೆ, ಹೊಸ ಫಿಲ್ಟರ್ ಹಾಕಿ ಒಮ್ಮೆ ಅಳೆಯಿರಿ. ಕಟ್ಟಿಕೊಂಡಿರುವುದು ಯಾವುದು ಎಂದು ಆಗ ಸ್ಪಷ್ಟವಾಗುತ್ತದೆ.

ಪೇಪರ್, ಫೋಮ್, ಎಣ್ಣೆ ಹಚ್ಚಿದ ಕಾಟನ್: ಯಾವುದು ಒಳ್ಳೆಯದು?

ನೀವು ಓಡಾಡುವ ರಸ್ತೆಯನ್ನು ನೋಡಿ ಆರಿಸಬೇಕು.

ನುಣ್ಣನೆಯ ಧೂಳು ಹಿಡಿಯುವುದರಲ್ಲಿ ಪೇಪರ್ ಮುಂದು. ತೊಳೆಯಲಾಗದು, ನೆನೆದರೆ ಗಾಳಿ ಬಿಡುವುದಿಲ್ಲ. ಸಂಡೂರು, ಬಳ್ಳಾರಿ ಕಡೆಯ ಅದಿರು ಲಾರಿಗಳು ಓಡುವ ರಸ್ತೆಯಲ್ಲಿ ದಿನವೂ ಓಡಾಡುವವರಿಗೆ ನಮ್ಮ ಸಲಹೆ ಪೇಪರೇ. ಮ್ಯಾನುವಲ್‌ನಲ್ಲಿ ಹೇಳಿದ ಕಿಲೋಮೀಟರಿನ ಅರ್ಧಕ್ಕೇ ಬದಲಿಸಿ.

ಫೋಮ್ ಫಿಲ್ಟರ್ ಎಣ್ಣೆ ಹಚ್ಚಿದಾಗ ಮಾತ್ರ ಫಿಲ್ಟರ್. ಎಣ್ಣೆ ಇಲ್ಲದಿದ್ದರೆ ಬರೀ ಸ್ಪಂಜು. ತುಂಬಾ ಧೂಳು ನುಂಗಿದರೂ ಬೇಗ ಕಟ್ಟಿಕೊಳ್ಳುವುದಿಲ್ಲ, ಅದಕ್ಕೇ ಮಣ್ಣಿನ ರಸ್ತೆಯ ಬೈಕುಗಳಿಗೆ ಅದೇ ಪ್ರಿಯ.

ಕಾಟನ್ ಗಾಜ್ ಫಿಲ್ಟರಿನಲ್ಲಿ ಗಾಳಿ ಸರಾಗ, ತೊಳೆದು ವರ್ಷಗಟ್ಟಲೆ ಬಳಸಬಹುದು. ಅಮೆರಿಕದ ಕೆ ಆ್ಯಂಡ್ ಎನ್, ಇಟಲಿಯ ಬಿಎಂಸಿ, ಗ್ರೀಸ್‌ನ ಡಿಎನ್‌ಎ ನಮ್ಮಲ್ಲಿ ಸುಲಭವಾಗಿ ಸಿಗುತ್ತವೆ. ಕಂಪನಿಯ ಏರ್ ಬಾಕ್ಸಿನೊಳಗೇ ಕೂರುವ ಮಾದರಿಯನ್ನೇ ಕೊಳ್ಳಿ. ನಕಲಿ ಮಾಲಿನ ರಬ್ಬರ್ ಅಂಚು ಗಟ್ಟಿಯಾಗಿರುತ್ತದೆ, ಸರಿಯಾಗಿ ಕೂರುವುದಿಲ್ಲ. ಅಂಚಿನ ಸಂದಿನಿಂದ ಧೂಳು ನೇರ ಒಳಗೆ ಹೋಗುತ್ತದೆ. ಹಾಕುವಾಗ ಅಂಚಿಗೆ ಸುತ್ತಲೂ ತೆಳುವಾಗಿ ಗ್ರೀಸ್ ಸವರಿ. ಐದು ನಿಮಿಷದ ಕೆಲಸ, ಎಂಜಿನ್‌ನ ಆಯುಷ್ಯ ಉಳಿಸುತ್ತದೆ.

ಏರ್ ಬಾಕ್ಸ್ ಪೂರ್ತಿ ತೆಗೆದು ಪಾಡ್ ಫಿಲ್ಟರ್ (ಕೋನ್ ಫಿಲ್ಟರ್) ಹಾಕಬಹುದೇ?

ರಸ್ತೆಯಲ್ಲಿ ಓಡಿಸುವ ಬೈಕಿಗೆ ಬೇಡ ಎನ್ನುತ್ತೇವೆ. ಕಾರಣಗಳು ಹಲವು.

ಏರ್ ಬಾಕ್ಸ್ ಬರೀ ಡಬ್ಬಿಯಲ್ಲ. ಇಂಟೇಕ್ ವಾಲ್ವ್ ತೆರೆದು ಮುಚ್ಚುವಾಗ ಹುಟ್ಟುವ ಒತ್ತಡದ ಅಲೆಗಳು ಮಧ್ಯಮ ಆರ್‌ಪಿಎಂನಲ್ಲಿ ಸಿಲಿಂಡರಿಗೆ ಗಾಳಿ ತುಂಬಲು ನೆರವಾಗುವಂತೆ ಅದರ ಗಾತ್ರ, ಸ್ನಾರ್ಕೆಲಿನ ಉದ್ದ ಎರಡನ್ನೂ ಲೆಕ್ಕ ಹಾಕಿ ಮಾಡಿರುತ್ತಾರೆ. 4000 ಆರ್‌ಪಿಎಂನಲ್ಲಿ 28 ನ್ಯೂಟನ್ ಮೀಟರ್ ಟಾರ್ಕ್ ಕೊಡುವ ಉದ್ದ ಸ್ಟ್ರೋಕಿನ ಎಂಜಿನ್‌ಗೆ ಬೇಕಾದದ್ದೇ ಆ ಮಧ್ಯದ ಬಲ. ಡಬ್ಬಿ ತೆಗೆದರೆ ಘಾಟಿ ಏರುವಾಗ ಅದು ಸೊರಗುತ್ತದೆ.

ಎರಡನೆಯದು ಬಿಸಿ. ಪಾಡ್ ಫಿಲ್ಟರ್ ಎಂಜಿನ್‌ನ ಹಿಂದೆಯೇ ಬಯಲಲ್ಲಿ ಕೂತು ಬಿಸಿ ಗಾಳಿ ಎಳೆಯುತ್ತದೆ. 35 ಡಿಗ್ರಿಯ ಬದಲು 55 ಡಿಗ್ರಿಯ ಗಾಳಿ ಹೋದರೆ ಸಾಂದ್ರತೆ ಸುಮಾರು ಶೇ. 6 ಇಳಿಯುತ್ತದೆ. ಫಿಲ್ಟರಿನಿಂದ ಗಳಿಸಿದ ಒಂದೆರಡು ಶೇಕಡಾ ಎಲ್ಲಿ ಉಳಿಯಿತು? ಸಿಗ್ನಲ್‌ನಲ್ಲಿ ನಿಂತಾಗಂತೂ ಇನ್ನೂ ಕಷ್ಟ.

ಮೂರನೆಯದನ್ನು ಮೆಕ್ಯಾನಿಕ್‌ಗಳೂ ಆಗಾಗ ಮರೆಯುತ್ತಾರೆ. ಈ ಬೈಕಿನದು ಸಿವಿ ಕಾರ್ಬ್ಯುರೇಟರ್. ನಾವು ಆ್ಯಕ್ಸಿಲರೇಟರ್ ತಿರುಗಿಸಿದಾಗ ತೆರೆಯುವುದು ಬಟರ್‌ಫ್ಲೈ (ಗಾಳಿಯ ದಾರಿಯಲ್ಲಿ ತಿರುಗುವ ತಟ್ಟೆ) ಮಾತ್ರ. ನೀಡಲ್ ಹೊತ್ತ ಸ್ಲೈಡ್ ಮೇಲೇಳುವುದು ಡಯಾಫ್ರಮ್ ಎಂಬ ತೆಳು ರಬ್ಬರ್ ಪೊರೆಯ ಮೇಲೂ ಕೆಳಗೂ ಇರುವ ಒತ್ತಡದ ವ್ಯತ್ಯಾಸದಿಂದ. ಡಯಾಫ್ರಮ್‌ನ ಕೆಳಭಾಗಕ್ಕೆ ಗಾಳಿ ಹೋಗುವ ತೂತು, ಏರ್ ಜೆಟ್‌ಗಳ ತೂತುಗಳು ಕಾರ್ಬ್ಯುರೇಟರಿನ ಬಾಯಿಯ ಅಂಚಿನಲ್ಲೇ ಇರುತ್ತವೆ. ಪಾಡ್ ಫಿಲ್ಟರಿನ ದಪ್ಪ ರಬ್ಬರ್ ಕುತ್ತಿಗೆ ಇವನ್ನು ಮುಚ್ಚಿದರೆ ಸ್ಲೈಡ್ ಅರ್ಧಕ್ಕೇ ನಿಲ್ಲುತ್ತದೆ. ಯಾವ ಜೆಟ್ ಹಾಕಿದರೂ ಆ ಬೈಕು ಸರಿಹೋಗುವುದಿಲ್ಲ. ಹಾಕಲೇಬೇಕೆಂದಿದ್ದರೆ ಕುತ್ತಿಗೆಯ ಒಳಬದಿಯಿಂದ ನೋಡಿ, ಎಲ್ಲ ತೂತುಗಳೂ ಕಾಣುತ್ತಿರಬೇಕು; ಅಡ್ಡ ಬರುವ ರಬ್ಬರನ್ನು ಚಾಕುವಿನಿಂದ ಕೆತ್ತಿ ತೆಗೆಯಿರಿ.

ಇನ್ನು ಬ್ರೀದರ್ ಪೈಪ್. ಕ್ರ್ಯಾಂಕ್‌ಕೇಸ್‌ನಿಂದ ಎಣ್ಣೆಯ ಆವಿ ತರುವ ಈ ಪೈಪ್ ಏರ್ ಬಾಕ್ಸಿಗೆ ಸೇರುತ್ತದೆ. ಏರ್ ಬಾಕ್ಸ್ ತೆಗೆದವರು ಅದನ್ನು ಹಾಗೆಯೇ ಕೆಳಗೆ ನೇತುಬಿಡುತ್ತಾರೆ. ಎಣ್ಣೆ ಹಿಂದಿನ ಟೈರಿನ ಮೇಲೆ ತೊಟ್ಟಿಕ್ಕಿ, ತಿರುವಿನಲ್ಲಿ ಬೈಕು ಜಾರುತ್ತದೆ. ಸಣ್ಣ ಕ್ಯಾಚ್ ಕ್ಯಾನ್ (ಎಣ್ಣೆ ಹಿಡಿದಿಡುವ ಡಬ್ಬಿ) ಕಟ್ಟಿ, ಬಾಯಿಗೆ ಪುಟ್ಟ ಬ್ರೀದರ್ ಫಿಲ್ಟರ್ ಹಾಕಿ. ಪೈಪಿನ ಬಾಯಿಯನ್ನು ಮುಚ್ಚಬೇಡಿ, ಒತ್ತಡ ಏರಿ ಆಯಿಲ್ ಸೀಲ್ ಕಿತ್ತು ಬರುತ್ತದೆ.

ಮಳೆಯ ಮಾತು ಬೇರೆ ಹೇಳಬೇಕೇ? ಆಗುಂಬೆ, ಚಾರ್ಮಾಡಿ ಕಡೆಯ ಜುಲೈ ಮಳೆಯಲ್ಲಿ ಮುಂದಿನ ವಾಹನ ಎರಚುವ ನೀರೆಲ್ಲ ನೇರ ಪಾಡ್ ಫಿಲ್ಟರಿನ ಮೇಲೆ ಬೀಳುತ್ತದೆ. ಹಳ್ಳ ದಾಟುವಾಗ ನೀರು ಸಿಲಿಂಡರಿಗೆ ಹೋದರೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ.

ಹಾಗಾದರೆ ಸ್ನಾರ್ಕೆಲ್ ತೆಗೆಯುವುದು, ಏರ್ ಬಾಕ್ಸಿಗೆ ತೂತು ಕೊರೆಯುವುದು?

ಇದು ಪಾಡ್‌ಗಿಂತ ಎಷ್ಟೋ ಮೇಲು. ಆದರೆ ತೂತು ಫಿಲ್ಟರಿನ ಹೊರಬದಿಯಲ್ಲೇ ಇರಬೇಕು. ಒಳಬದಿಯಲ್ಲಿ ಕೊರೆದರೆ ಧೂಳಿಗೆ ಬಾಗಿಲು ತೆರೆದಂತೆ. ಮೂಲ ಮುಚ್ಚಳವನ್ನು ಎತ್ತಿಟ್ಟು, ಇನ್ನೊಂದು ಮುಚ್ಚಳ ಕೊಂಡು ಅದಕ್ಕೆ ಕೊರೆಯಿರಿ. ಬೈಕಿನಿಂದ ಬಿಚ್ಚಿ ಕೊರೆದು, ಪ್ಲಾಸ್ಟಿಕ್ ಚೂರು ತೊಳೆದು, ಅಂಚು ಉಜ್ಜಿ ಆಮೇಲೆ ಜೋಡಿಸಿ. ಒಂದೊಂದೇ ತೂತು ಕೊರೆದು ಓಡಿಸಿ ನೋಡಿ. ಕೊರೆದದ್ದನ್ನು ಮುಚ್ಚುವುದು ಕಷ್ಟ. ಕೆಳಗಿನ ಆರ್‌ಪಿಎಂನ ಎಳೆತ ಕಡಿಮೆಯಾಯಿತು ಅನ್ನಿಸಿದರೆ ಅಲ್ಲಿಗೇ ನಿಲ್ಲಿಸಿ.

ಫಿಲ್ಟರ್ ಬದಲಿಸಿದ ಮೇಲೆ ಜೆಟ್ ಬದಲಿಸಲೇಬೇಕೇ?

ಏರ್ ಬಾಕ್ಸಿನೊಳಗೆ ಕೂರುವ ಫಿಲ್ಟರ್ ಮಾತ್ರ ಬದಲಾಗಿದ್ದರೆ ಸಾಮಾನ್ಯವಾಗಿ ಬೇಕಾಗುವುದಿಲ್ಲ, ಆದರೂ ಪರೀಕ್ಷಿಸಿ. ಫಿಲ್ಟರಿನ ಜೊತೆಗೆ ಸೈಲೆನ್ಸರೂ ಬದಲಾಗಿದ್ದರೆ, ಸ್ನಾರ್ಕೆಲ್ ತೆಗೆದಿದ್ದರೆ ಬೇಕು. ಗಾಳಿ ಹೆಚ್ಚಿ ಪೆಟ್ರೋಲ್ ಅಷ್ಟೇ ಉಳಿದರೆ ಮಿಶ್ರಣ ಲೀನ್ ಆಗುತ್ತದೆ: ಎಂಜಿನ್ ಹೀಟ್, ನಾಕಿಂಗ್, ಕೊನೆಗೆ ಪಿಸ್ಟನ್‌ಗೆ ಪೆಟ್ಟು. ಪೂರ್ತಿ ಥ್ರಾಟಲ್‌ನಲ್ಲಿ ಎಥನಾಲ್ ಬೆರೆಸದ ಪೆಟ್ರೋಲಿನ ಅಳತೆಯಲ್ಲಿ, ತೂಕದ ಲೆಕ್ಕಕ್ಕೆ, 12.8ರಿಂದ 13.2 ಭಾಗ ಗಾಳಿಗೆ 1 ಭಾಗ ಪೆಟ್ರೋಲ್ ಇರುವುದು ಒಳ್ಳೆಯ ಗುರಿ. ಪೂರ್ಣ ದಹನದ ಲೆಕ್ಕ 14.7 ಆದರೂ ಬಲ ಸಿಗುವುದು ಅದಕ್ಕಿಂತ ಸ್ವಲ್ಪ ರಿಚ್ (ಪೆಟ್ರೋಲ್ ಹೆಚ್ಚು) ಇದ್ದಾಗ.

ಜೆಟ್ಟಿಂಗ್ ಮಾಡುವ ಕ್ರಮ ಏನು?

ಮೊದಲು ಬೈಕು ಆರೋಗ್ಯವಾಗಿರಬೇಕು. ಯುಸಿಇಯಲ್ಲಿ ಟ್ಯಾಪೆಟ್ ಹೈಡ್ರಾಲಿಕ್, ಅಲ್ಲಿ ಸೆಟ್ಟಿಂಗ್ ಇಲ್ಲ. ಪ್ಲಗ್ ಎರಡಿವೆ, ಎರಡನ್ನೂ ನೋಡಿ. ಇಂಟೇಕ್ ರಬ್ಬರ್ ಬಿರುಕು ಬಿಟ್ಟಿರಬಾರದು. ಎಂಜಿನ್ 15 ನಿಮಿಷ ಓಡಿ ಬಿಸಿಯಾದ ಮೇಲೆ ಪರೀಕ್ಷೆ ಶುರು.

ಕಾರ್ಬ್ಯುರೇಟರಿನ ಮೂರು ಭಾಗಗಳು ಆ್ಯಕ್ಸಿಲರೇಟರಿನ ಮೂರು ಹಂತ ನೋಡಿಕೊಳ್ಳುತ್ತವೆ. ಐಡ್ಲಿಂಗ್‌ನಿಂದ ಕಾಲು ಭಾಗದವರೆಗೆ ಪೈಲಟ್ ಜೆಟ್, ಕಾಲಿನಿಂದ ಮುಕ್ಕಾಲಿನವರೆಗೆ ನೀಡಲ್, ಅಲ್ಲಿಂದ ಮೇಲೆ ಮೇನ್ ಜೆಟ್. ಹಿಡಿಯ ರಬ್ಬರಿಗೂ ಸ್ವಿಚ್ ಪೆಟ್ಟಿಗೆಗೂ ಟೇಪ್ ಅಂಟಿಸಿ ಈ ಹಂತಗಳನ್ನು ಪೆನ್ನಿನಿಂದ ಗುರುತು ಮಾಡಿಕೊಳ್ಳಿ. ತೊಂದರೆ ಯಾವ ಗುರುತಿನಲ್ಲಿ ಬರುತ್ತದೋ ಅಲ್ಲಿನ ಭಾಗವನ್ನೇ ಮುಟ್ಟಿ.

ಮೇನ್ ಜೆಟ್‌ನಿಂದ ಆರಂಭಿಸಿ. ಖಾಸಗಿ ಟ್ರ್ಯಾಕ್ ಅಥವಾ ಡೈನೋದಲ್ಲಿ ಪೂರ್ತಿ ತೆರೆದು ಓಡುತ್ತಿರುವಾಗ ಹಿಡಿಯನ್ನು ತುಸುವೇ ಹಿಂದಕ್ಕೆ ಬಿಡಿ. ಆಗ ಎಂಜಿನ್ ಕ್ಷಣಕಾಲ ಚುರುಕಾದರೆ ಮೇನ್ ಜೆಟ್ ಸಣ್ಣದು, ಅಂದರೆ ಲೀನ್. ಮುಗ್ಗರಿಸಿ ಗುಡುಗುಡು ಎಂದರೆ ದೊಡ್ಡದು. ಒಂದೊಂದೇ ಅಳತೆ ಏರಿಸಿ. ಮಿಕುನಿಯ ಜೆಟ್ ಸಂಖ್ಯೆಯೂ ಕೀಹಿನ್ ಸಂಖ್ಯೆಯೂ ಒಂದೇ ಅಳತೆಯಲ್ಲ, ಬೆರೆಸಬೇಡಿ. ಹಳೆಯ ಜೆಟ್ಟಿಗೆ ಸೂಜಿ, ತಂತಿ ಹಾಕಿ ತೂತು ದೊಡ್ಡದು ಮಾಡುವುದು ಬೇಡವೇ ಬೇಡ. ಎಷ್ಟು ದೊಡ್ಡದಾಯಿತು ಎಂದು ಹೇಳಬಲ್ಲವರಿಲ್ಲ, ಹಿಂದಕ್ಕೆ ಹೋಗುವ ದಾರಿಯೂ ಇಲ್ಲ.

ಆಮೇಲೆ ನೀಡಲ್. ಕ್ಲಿಪ್ ಜಾಗ ಬದಲಿಸುವಂತಿಲ್ಲದ ನೀಡಲ್ ಆದರೆ, ಅದರ ಕೆಳಗೆ 0.5 ಮಿ.ಮೀ. ದಪ್ಪದ ಸಣ್ಣ ವಾಷರ್ ಒಂದನ್ನು ಇಡಿ. ನೀಡಲ್ ಮೇಲೆದ್ದಷ್ಟು ಮಿಶ್ರಣ ರಿಚ್. ಒಂದು ಸಾಲದಿದ್ದರೆ ಇನ್ನೊಂದು. ಮುಚ್ಚಳ ಹಾಕುವಾಗ ಡಯಾಫ್ರಮ್‌ನ ಅಂಚು ತನ್ನ ತೋಡಿನಲ್ಲಿ ಸರಿಯಾಗಿ ಕೂತಿದೆಯೇ ನೋಡಿ, ಮುಚ್ಚಳಕ್ಕೆ ಸಿಕ್ಕಿ ಹರಿದರೆ ಬೈಕು ಅರ್ಧ ಥ್ರಾಟಲ್ ದಾಟುವುದಿಲ್ಲ.

ಕೊನೆಗೆ ಪೈಲಟ್ ಸ್ಕ್ರೂ. ಮುಟ್ಟುವ ಮೊದಲು ಮೆಲ್ಲಗೆ ಒಳಗೆ ತಿರುಗಿಸಿ ಎಷ್ಟು ಸುತ್ತಿಗೆ ಕೂತಿತು ಎಂದು ಬರೆದಿಡಿ. ಬಿಗಿದರೆ ತುದಿ ಮುರಿಯುತ್ತದೆ. ಸ್ಕ್ರೂ ಎಂಜಿನ್ ಬದಿಗಿದ್ದರೆ ಅದು ಪೆಟ್ರೋಲ್ ಸ್ಕ್ರೂ, ಹೊರಗೆ ತಿರುಗಿಸಿದರೆ ರಿಚ್. ಫಿಲ್ಟರ್ ಬದಿಗಿದ್ದರೆ ಏರ್ ಸ್ಕ್ರೂ, ಹೊರಗೆ ತಿರುಗಿಸಿದರೆ ಲೀನ್. ಕಾಲು ಕಾಲು ಸುತ್ತು ತಿರುಗಿಸಿ, ಐಡ್ಲಿಂಗ್ ಅತಿ ಹೆಚ್ಚಾಗುವ ಜಾಗದಲ್ಲಿ ಬಿಡಿ. ಬಳಿಕ ಐಡ್ಲಿಂಗ್ ಸ್ಕ್ರೂ ಇಳಿಸಿ.

ಕೈಗೆ ವೈಡ್‌ಬ್ಯಾಂಡ್ ಮೀಟರ್ (ಹೊಗೆಯನ್ನು ನೋಡಿ ಗಾಳಿ, ಪೆಟ್ರೋಲಿನ ಪ್ರಮಾಣ ಹೇಳುವ ಸಾಧನ) ಸಿಕ್ಕರೆ ಊಹೆ ಉಳಿಯುವುದಿಲ್ಲ. ಎಂಜಿನ್‌ನಿಂದ ಸೈಲೆನ್ಸರಿಗೆ ಹೋಗುವ ಬೆಂಡ್ ಪೈಪಿಗೆ 18 ಮಿ.ಮೀ. ವ್ಯಾಸ, 1.5 ಪಿಚ್‌ನ ಬಂಗ್ (ಸೆನ್ಸರ್ ಕೂರಿಸುವ ಬಳೆ) ಬೆಸೆಯಿಸಿ. ಸೆನ್ಸರಿನ ತುದಿ ಕೆಳಮುಖವಾಗಿ, ಕನಿಷ್ಠ 10 ಡಿಗ್ರಿ ವಾಲಿರಲಿ, ಇಲ್ಲವಾದರೆ ನೀರಿನ ಹನಿ ತಾಗಿ ಸೆನ್ಸರ್ ಸೀಳುತ್ತದೆ.

ಮಂಗಳೂರಿನಲ್ಲಿ ಸರಿಯಾಗಿ ಓಡುತ್ತಿದ್ದ ಬೈಕು ಬೆಂಗಳೂರಿನಲ್ಲಿ ಮಂಕಾಯಿತು. ಏಕೆ?

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಇಲ್ಲಿ ಗಾಳಿಯ ಸಾಂದ್ರತೆ ಶೇ. 8-9ರಷ್ಟು ಕಡಿಮೆ. ಪವರ್ ಅಷ್ಟೇ ಇಳಿಯುತ್ತದೆ, ಯಾವ ಫಿಲ್ಟರೂ ಅದನ್ನು ಮರಳಿ ತರುವುದಿಲ್ಲ. ಕಾರ್ಬ್ಯುರೇಟರ್ ಪೆಟ್ರೋಲನ್ನು ಗಾಳಿಯಷ್ಟೇ ಇಳಿಸದ ಕಾರಣ ಮಿಶ್ರಣವೂ ಸುಮಾರು ಶೇ. 4 ರಿಚ್ ಆಗುತ್ತದೆ. 1930 ಮೀಟರಿನ ಮುಳ್ಳಯ್ಯನಗಿರಿಯಲ್ಲಿ ಸಾಂದ್ರತೆ ಶೇ. 17ರಷ್ಟು ಕಡಿಮೆ, ಪ್ಲಗ್ ಕಪ್ಪಾಗುವುದು ಸಹಜ.

ಇದಕ್ಕೆ ಎದುರಾಗಿ ಕೆಲಸ ಮಾಡುವುದು ಇ20, ಅಂದರೆ ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲ್ (ಇ10ರಲ್ಲಿ ಶೇ. 10). ಪೂರ್ಣ ದಹನಕ್ಕೆ ಇ10ಗೆ ಸುಮಾರು 14.1 ಭಾಗ ಗಾಳಿ ಬೇಕು, ಇ20ಗೆ ಸುಮಾರು 13.5. ಅದೇ ಜೆಟ್‌ನಲ್ಲಿ ಇ20 ಹಾಕಿದರೆ ಮಿಶ್ರಣ ಶೇ. 4ರಷ್ಟು ಲೀನ್. ಹೀಗಾಗಿ ಕರಾವಳಿಗೆ, ಇ10ಗೆ ಹೊಂದಿಸಿದ ಹಳೆಯ ಬೈಕು ಬೆಂಗಳೂರಿನಲ್ಲಿ ಇ20 ಕುಡಿದು ಹೆಚ್ಚುಕಡಿಮೆ ಸರಿಯಾಗಿಯೇ ಓಡುತ್ತದೆ. ಅದೇ ಬೈಕು ಶಿರಾಡಿ ಘಾಟಿ ಇಳಿದು ಮಂಗಳೂರು ಸೇರಿದಾಗ ಲೀನ್ ಆಗುತ್ತದೆ. ಅದರ ಮೇಲೆ ಫ್ರೀ ಫ್ಲೋ ಫಿಲ್ಟರೂ ಸೇರಿದರೆ ಎಂಜಿನ್ ಹೀಟ್ ಆಗುವುದರಲ್ಲಿ ಅಚ್ಚರಿಯಿಲ್ಲ. ಜೆಟ್ಟಿಂಗ್ ಅನ್ನು ನೀವು ಹೆಚ್ಚು ಓಡಿಸುವ ಊರಿನಲ್ಲೇ, ದಿನವೂ ಹಾಕಿಸುವ ಪೆಟ್ರೋಲಿನಲ್ಲೇ ಮಾಡಿಸಿ.

ಫ್ಯುಯೆಲ್ ಇಂಜೆಕ್ಷನ್ ಬೈಕಿನಲ್ಲಿ ಇಸಿಯು (ಪೆಟ್ರೋಲಿನ ಪ್ರಮಾಣ ನಿರ್ಧರಿಸುವ ಕಂಪ್ಯೂಟರ್) ತಾನೇ ಹೊಂದಿಸಿಕೊಳ್ಳುತ್ತದಲ್ಲವೇ?

ಅರ್ಧ ನಿಜ. ಬೆಂಡ್ ಪೈಪಿನಲ್ಲಿರುವ ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಇಸಿಯು ಪೆಟ್ರೋಲ್ ತಿದ್ದುವುದು ಐಡ್ಲಿಂಗ್‌ನಲ್ಲಿ, ಸಮವೇಗದ ಹಗುರ ಓಟದಲ್ಲಿ. ಪೂರ್ತಿ ಥ್ರಾಟಲ್ ಕೊಟ್ಟಾಗ ಸೆನ್ಸರಿನ ಮಾತು ಬಿಟ್ಟು, ಕಂಪನಿ ಮೊದಲೇ ಬರೆದಿಟ್ಟ ಪಟ್ಟಿ, ಅಂದರೆ ಮ್ಯಾಪ್‌ನಂತೆ ಪೆಟ್ರೋಲ್ ಕೊಡುತ್ತದೆ. ಲೀನ್ ಆಗಿ ಪೆಟ್ಟು ಬೀಳುವುದು ಅಲ್ಲೇ. ಬೈಕುಗಳಲ್ಲಿ ಒಳಬರುವ ಗಾಳಿಯನ್ನು ನೇರವಾಗಿ ಅಳೆಯುವ ಸೆನ್ಸರ್ ಸಾಮಾನ್ಯವಾಗಿ ಇರುವುದಿಲ್ಲ. ಮ್ಯಾನಿಫೋಲ್ಡ್ ಒತ್ತಡ ನೋಡುವ ಇಸಿಯುಗೆ ಫಿಲ್ಟರ್ ಬದಲಾವಣೆ ಸ್ವಲ್ಪ ತಿಳಿಯುತ್ತದೆ. ಥ್ರಾಟಲ್ ಎಷ್ಟು ತೆರೆದಿದೆ ಎಂದಷ್ಟೇ ನೋಡುವುದಕ್ಕೆ ಏನೂ ತಿಳಿಯದು.

ಹೊರಗಿನ ಗಾಳಿ ತಣ್ಣಗಿದೆ ಎಂದು ಇಸಿಯುವನ್ನು ನಂಬಿಸುವ ಅಗ್ಗದ ಪ್ಲಗ್‌ಗಳು ಸಿಗುತ್ತವೆ. ಹಗುರ ಓಟದಲ್ಲಿ ಅವು ಕೂಡಿಸಿದ ಪೆಟ್ರೋಲನ್ನು ಆಕ್ಸಿಜನ್ ಸೆನ್ಸರ್ ಮತ್ತೆ ಕಳೆಯುತ್ತದೆ, ಉಳಿದೆಡೆ ಎಲ್ಲ ಆರ್‌ಪಿಎಂಗೂ ಒಂದೇ ಪ್ರಮಾಣ ಸೇರುತ್ತದೆ. ಇಂಟರ್‌ಸೆಪ್ಟರ್ 650ಯಂಥ ಬೈಕಿಗೆ ಫಿಲ್ಟರ್, ಏರ್ ಬಾಕ್ಸ್ ಮುಚ್ಚಳ, ಸೈಲೆನ್ಸರ್ ಎಲ್ಲವನ್ನೂ ಬದಲಿಸುವವರು ಪಿಗಿಬ್ಯಾಕ್ ಇಸಿಯು (ಮೂಲ ಇಸಿಯು ಜೊತೆಗೆ ಜೋಡಿಸುವ ಇನ್ನೊಂದು ಪೆಟ್ಟಿಗೆ) ಹಾಕಿಸಿ ಡೈನೋ ಮೇಲೆ ಮ್ಯಾಪ್ ಬರೆಸಬೇಕು. ಬೆಂಗಳೂರಿನ ರೇಸ್ ಡೈನಾಮಿಕ್ಸ್ ತಯಾರಿಸುವ ಪವರ್‌ಟ್ರಾನಿಕ್ ಇಂಥದ್ದೇ ಸಾಧನ. ಪೆಟ್ಟಿಗೆಯ ಜೊತೆ ಬರುವ ಸಿದ್ಧ ಮ್ಯಾಪ್ ನಿಮ್ಮದೇ ಫಿಲ್ಟರ್, ಸೈಲೆನ್ಸರ್ ಜೋಡಿಗೆ ಬರೆದದ್ದೇ ಎಂದು ಕೇಳಿ ತಿಳಿದುಕೊಳ್ಳಿ.

ಆ್ಯಕ್ಸಿಲರೇಟರ್ ಬಿಟ್ಟಾಗ ಸೈಲೆನ್ಸರ್ ಪಟಪಟ ಎನ್ನುತ್ತದೆ.

ಪೈಲಟ್ ಹಂತ ಲೀನ್ ಆಗಿದೆ, ಅಥವಾ ಬೆಂಡ್ ಪೈಪಿನ ಗ್ಯಾಸ್ಕೆಟ್ ಸೋರುತ್ತಿದೆ. ಮೊದಲು ಗ್ಯಾಸ್ಕೆಟ್ ನೋಡಿ, ಆಮೇಲೆ ಸ್ಕ್ರೂ ಮುಟ್ಟಿ.

ಐಡ್ಲಿಂಗ್ ಒಮ್ಮೆ ಏರುತ್ತದೆ, ಒಮ್ಮೆ ಇಳಿಯುತ್ತದೆ.

ಕಾರ್ಬ್ಯುರೇಟರಿಗೂ ಎಂಜಿನ್‌ಗೂ ನಡುವಿನ ರಬ್ಬರ್ ಬಿರುಕು ಬಿಟ್ಟಿದೆಯೇ, ಕ್ಲಿಪ್ ಸಡಿಲವೇ ನೋಡಿ. ಎಂಜಿನ್ ಓಡುತ್ತಿರುವಾಗ ಸ್ಪ್ರೇ ಬಾಟಲಿಯಿಂದ ಆ ಜಾಗಕ್ಕೆ ನೀರು ಸಿಂಪಡಿಸಿ. ಸದ್ದು ಬದಲಾದರೆ ಸೋರಿಕೆ ಅಲ್ಲೇ. ಕೆಲವರು ಕಾರ್ಬ್ಯುರೇಟರ್ ಕ್ಲೀನರ್ ಬಳಸುತ್ತಾರೆ, ಬಿಸಿ ಎಂಜಿನ್ ಮೇಲೆ ಅದು ಹೊತ್ತಿಕೊಳ್ಳಬಹುದು.

ಫಿಲ್ಟರ್ ತೊಳೆಯುವುದು ಹೇಗೆ?

ಕಾಟನ್ ಆದರೆ ಅದಕ್ಕೆಂದೇ ಇರುವ ಕ್ಲೀನರ್ ಹಾಕಿ ಹತ್ತು ನಿಮಿಷ ಬಿಟ್ಟು, ನಲ್ಲಿಯ ಮೆಲ್ಲನೆಯ ನೀರನ್ನು ಒಳಬದಿಯಿಂದ ಹೊರಕ್ಕೆ ಹರಿಸಿ. ವಾಟರ್ ಸರ್ವಿಸ್‌ನ ಪ್ರೆಷರ್ ನೀರು, ಕಂಪ್ರೆಸರ್ ಗಾಳಿ ಎರಡೂ ಬಟ್ಟೆಯ ಎಳೆಗಳನ್ನು ಹರಿಯುತ್ತವೆ. ನೆರಳಲ್ಲಿ ಪೂರ್ತಿ ಒಣಗಿಸಿ, ಪ್ರತಿ ಮಡಿಕೆಗೂ ತೆಳುವಾಗಿ ಎಣ್ಣೆ ಹಾಕಿ, 20 ನಿಮಿಷ ಬಿಟ್ಟು ಬಿಳುಪು ಉಳಿದಲ್ಲಿ ಮತ್ತೆ ಹಾಕಿ. ಎಣ್ಣೆ ಜಾಸ್ತಿಯಾದರೆ ಗಾಳಿ ಕಟ್ಟುತ್ತದೆ, ಥ್ರಾಟಲ್ ಬಾಡಿಗೂ ಅಂಟುತ್ತದೆ. ಫೋಮ್ ಆದರೆ ಸೀಮೆಎಣ್ಣೆಯಲ್ಲಿ ಅದ್ದಿ ಹಿಸುಕಿ, ಸೋಪಿನ ನೀರಿನಲ್ಲಿ ತೊಳೆಯಿರಿ. ಬಟ್ಟೆ ಹಿಂಡುವಂತೆ ತಿರುಚಬೇಡಿ. ಪೆಟ್ರೋಲ್ ಬೇಡ, ಅಂಟು ಬಿಡುತ್ತದೆ, ಬೆಂಕಿಯ ಭಯವೂ ಇದೆ.

ಧೂಳು ಒಳಗೆ ಹೋಗುತ್ತಿದೆಯೇ ಎಂದು ಪರೀಕ್ಷಿಸುವುದು?

ಸಾವಿರ ಕಿಲೋಮೀಟರಿಗೊಮ್ಮೆ ಫಿಲ್ಟರ್ ತೆಗೆದು, ಅದರಾಚೆಯ ಪೈಪಿನ ಒಳಗೋಡೆಯನ್ನು ಬಿಳಿ ಬಟ್ಟೆಯಿಂದ ಒರೆಸಿ. ಕೆಂಪು ಅಥವಾ ಬೂದು ಹುಡಿ ಕಂಡರೆ ಅವತ್ತೇ ಕಾರಣ ಹುಡುಕಿ. ಧೂಳಿನಲ್ಲಿರುವುದು ಸಿಲಿಕಾ, ಎಣ್ಣೆಯೊಡನೆ ಸೇರಿ ಪಿಸ್ಟನ್ ರಿಂಗನ್ನೂ ಬೋರನ್ನೂ ಅರೆದುಹಾಕುತ್ತದೆ. ಹೊಗೆ ಕಾಣಿಸಿಕೊಳ್ಳುವ ಹೊತ್ತಿಗೆ ಬೋರ್ ಮಾಡಿಸುವ ಖರ್ಚು ಕಾದಿರುತ್ತದೆ.

ಇಂಟೇಕ್ ಪೈಪಿನೊಳಗೆ ತಿರುಗುವ ಸಣ್ಣ ಫ್ಯಾನ್ ಹಾಕಿದರೆ?

ಕೊಳ್ಳಬೇಡಿ. ಗಾಳಿಯ ದಾರಿಗೆ ಅಡ್ಡ.

ಆರ್‌ಎಕ್ಸ್ 100, ಯೆಜ್ಡಿಯಂಥ ಎರಡು ಸ್ಟ್ರೋಕಿನ ಬೈಕಿನಲ್ಲಿ?

ಇನ್ನೂ ಎಚ್ಚರ ಬೇಕು. ಇಲ್ಲಿ ಲೀನ್ ಆದರೆ ಪಿಸ್ಟನ್ ಸೀಜ್ ಆಗಲು ಕೆಲವೇ ನಿಮಿಷ ಸಾಕು. ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ಡಿಗೆ ಎಣ್ಣೆಯನ್ನು ಪೆಟ್ರೋಲಿನಲ್ಲೇ ಬೆರೆಸಿ ಹಾಕುವುದರಿಂದ ಪೆಟ್ರೋಲ್ ಕಡಿಮೆಯಾದಂತೆ ಎಣ್ಣೆಯೂ ಕಡಿಮೆಯಾಗುತ್ತದೆ. ಈ ಬೈಕುಗಳಲ್ಲಿ ಏರ್ ಬಾಕ್ಸನ್ನು ಮೂಲದಂತೆಯೇ ಬಿಡಿ.

ಮೈಲೇಜ್ ಹೆಚ್ಚುತ್ತದೆಯೇ?

ಇಲ್ಲ. ಕಟ್ಟಿಕೊಂಡಿದ್ದ ಫಿಲ್ಟರ್ ಬದಲಿಸಿದ್ದರೆ ಕಳೆದುಹೋಗಿದ್ದ ಮೈಲೇಜ್ ಮರಳಬಹುದು. ಜೆಟ್ ಏರಿಸಿದರೆ ಇಳಿಯುತ್ತದೆ.

ಕಾನೂನು, ವಾರಂಟಿ?

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಮೂಲತಃ ಕೊಟ್ಟ, ಆರ್‌ಸಿಯಲ್ಲಿರುವ ವಿವರಗಳಿಗೆ ಹೊಂದದ ಬದಲಾವಣೆ ಮಾಡುವಂತಿಲ್ಲ. ಹೊಗೆ, ಸದ್ದಿನ ಮಿತಿ ಮೀರಿದರೆ 190ನೇ ಕಲಂನಡಿ 2019ರ ತಿದ್ದುಪಡಿಯ ಬಳಿಕ ದಂಡ 10,000 ರೂಪಾಯಿವರೆಗೆ ಇದೆ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್6 ಬೈಕುಗಳಲ್ಲಿ ಇಸಿಯು, ಆಕ್ಸಿಜನ್ ಸೆನ್ಸರ್ ಮುಟ್ಟಿದರೆ ಹೊಗೆ ಪರೀಕ್ಷೆಯಲ್ಲಿ ಸಿಕ್ಕಿಬೀಳುವ ಸಾಧ್ಯತೆ ಹೆಚ್ಚು. ಎಂಜಿನ್ ಒಳಗಿನ ದೋಷಕ್ಕೆ ವಾರಂಟಿ ಕೇಳಲು ಹೋದಾಗ ಈ ಬದಲಾವಣೆಯೇ ನಿರಾಕರಣೆಗೆ ಕಾರಣವಾಗಬಹುದು. ವಾರಂಟಿ ಮುಗಿಯುವವರೆಗೆ ಕಾಯುವುದು ಲೇಸು.

ಮತ್ತೆ ಮೂಲ ಸ್ಥಿತಿಗೆ ತರಲು ಏನೇನು ಇಟ್ಟುಕೊಳ್ಳಬೇಕು?

ಏರ್ ಬಾಕ್ಸ್ ಮುಚ್ಚಳ, ಸ್ನಾರ್ಕೆಲ್, ಎಲ್ಲ ಕ್ಲಿಪ್ಪುಗಳು, ತೆಗೆದ ಜೆಟ್‌ಗಳು. ಜೆಟ್‌ಗಳನ್ನು ಸಂಖ್ಯೆ ಬರೆದ ಸಣ್ಣ ಜಿಪ್ ಕವರಿನಲ್ಲಿ ಹಾಕಿ. ಪೈಲಟ್ ಸ್ಕ್ರೂ ಎಷ್ಟು ಸುತ್ತು ಇತ್ತು, ಯಾವ ತಾರೀಕಿಗೆ, ಎಷ್ಟು ಕಿಲೋಮೀಟರಿಗೆ ಏನು ಬದಲಾಯಿತು ಎಂದು ಸರ್ವಿಸ್ ಪುಸ್ತಕದ ಕೊನೆಯ ಪುಟದಲ್ಲಿ ಬರೆದಿಡಿ. ಬೈಕು ಮಾರುವಾಗ ಆ ಕವರನ್ನೂ ಪುಸ್ತಕವನ್ನೂ ಕೊಳ್ಳುವವರ ಕೈಗೆ ಕೊಡಿ.